ಕಾರಿನ ಜೊತೆ ಆ ಸಣ್ಣ ಕೀಯನ್ನೂ ಕೊಡಿ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದರೆ ನಮ್ಮವರು ಬಾನೆಟ್ ಎತ್ತುತ್ತಾರೆ, ಎಸಿ ಹಾಕಿ ನೋಡುತ್ತಾರೆ, ಆರ್‌ಸಿ, ಇನ್ಶೂರೆನ್ಸ್ ಕೇಳುತ್ತಾರೆ. “ವೀಲಿಗೆ ಲಾಕ್ ನಟ್ ಉಂಟಾ? ಅದರ ಕೀ ಎಲ್ಲಿ?” ಎಂದು ಕೇಳುವವರು ಕಡಿಮೆ. ಬದಿಯಡ್ಕ ಪೇಟೆಯಲ್ಲಿ ಇಷ್ಟೊಂದು ಅಲಾಯ್ ವೀಲಿನ ಕಾರುಗಳು ಓಡಾಡುತ್ತಿದ್ದರೂ ಈ ಪ್ರಶ್ನೆ ಇನ್ನೂ ನಮ್ಮ ಬಾಯಿಗೆ ಬಂದಿಲ್ಲ.

ಅಲಾಯ್ ಕಳವಾಗದಿರಲಿ ಎಂದು ಒಂದೊಂದು ಚಕ್ರಕ್ಕೆ ಒಂದೊಂದು ಲಾಕ್ ನಟ್ ಹಾಕುತ್ತಾರೆ. ಅದರ ತಲೆಯ ಆಕಾರವೇ ಬೇರೆ, ಮಾಮೂಲಿ ಸ್ಪ್ಯಾನರ್ ಕೂರುವುದಿಲ್ಲ. ಅದಕ್ಕೆ ಹೊಂದುವ ಒಂದು ಸಣ್ಣ ಕಬ್ಬಿಣದ ತುಂಡೇ ಕೀ. ಅದು ಇಲ್ಲದಿದ್ದರೆ ಡಿಕ್ಕಿಯಲ್ಲಿ ಸ್ಟೆಪ್ನಿ, ಜ್ಯಾಕ್ ಎಲ್ಲ ಇದ್ದೂ ಪ್ರಯೋಜನವಿಲ್ಲ.

ನಮ್ಮ ಎಷ್ಟೋ ಮನೆಗಳಲ್ಲಿ ಕಾರಿನ ಯಜಮಾನ ಗಲ್ಫಿನಲ್ಲಿ, ಕಾರು ಊರಿನಲ್ಲಿ. ಓಡಿಸುವವರು ಹೆಂಡತಿ, ತಮ್ಮ ಅಥವಾ ಅಳಿಯ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದರೂ ದೊಡ್ಡ ಕಾಯಿಲೆ ಎಂದಾಗ ನಮ್ಮ ಕಾರು ತಿರುಗುವುದು ತಲಪಾಡಿ ದಾಟಿ ದೇರಳಕಟ್ಟೆ, ಮಂಗಳೂರಿನ ಕಡೆಗೆ. ಆ ದಾರಿಯ ಬೆಲೆ ಎಷ್ಟೆಂದು 2020ರಲ್ಲಿ ಗಡಿ ಮುಚ್ಚಿದಾಗ ನೋಡಿದ್ದೇವೆ. ಉಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗುವಾಗ ರಾತ್ರಿ ಎರಡು ಗಂಟೆಗೆ ಸೀತಾಂಗೋಳಿಯಲ್ಲಿ ಟಯರ್ ಹೋಯಿತು ಎಂದುಕೊಳ್ಳಿ. ತಮ್ಮ ದುಬೈಗೆ ಫೋನ್ ಮಾಡುತ್ತಾನೆ: “ಇಚ್ಚಾ, ವೀಲಿನ ಆ ಲಾಕ್ ಕೀ ಎಲ್ಲಿಟ್ಟಿದ್ದೀರಿ?” ಅಲ್ಲಿಂದ ಉತ್ತರ: “ಯಾವ ಕೀ?”

ಕೀ ಇಲ್ಲದೆಯೂ ನಟ್ ತೆಗೆಯಬಹುದು, ಆದರೆ ಅದು ಹಗಲಿನ ಕೆಲಸ. ಮೊದಲು ಡ್ಯಾಶ್‌ಬೋರ್ಡಿನ ಡ್ರಾಯರ್, ಜ್ಯಾಕಿನ ಚೀಲ, ಸ್ಟೆಪ್ನಿಯ ಅಡಿ ಪೂರ್ತಿ ಹುಡುಕಿ. ಕೀಯ ಜೊತೆ ಬಂದ ಕೋಡ್ ನಂಬರಿನ ಕಾರ್ಡ್ ಸಿಕ್ಕಿದರೆ ಅದೇ ನಂಬರಿಗೆ ಹೊಸ ಕೀ ತರಿಸಬಹುದು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೆಲವೊಮ್ಮೆ ಇಂಥ ಕೀಗಳ ಸೆಟ್ಟೇ ಇರುತ್ತದೆ, ಕೇಳಿ ನೋಡಿ. ಯಾವುದೂ ಆಗದಿದ್ದರೆ ಗ್ಯಾರೇಜಿನಲ್ಲಿ ಒಳಗೆ ಸುರುಳಿ ಹಲ್ಲಿರುವ ಸಾಕೆಟನ್ನು ನಟ್ಟಿನ ಮೇಲೆ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಎಡಕ್ಕೆ ತಿರುಗಿಸಿದಷ್ಟೂ ಹಲ್ಲು ಕಚ್ಚಿ ಹಿಡಿದು ನಟ್ ಬಿಚ್ಚುತ್ತದೆ. ಹೊರಗಿನ ಬಳೆ ಬೇರೆಯಾಗಿ ಸುತ್ತುವ ನಟ್ ಆದರೆ ಸಾಕೆಟ್ ಸುಮ್ಮನೆ ತಿರುಗುತ್ತದೆ, ಹಿಡಿತ ಸಿಗುವುದಿಲ್ಲ. ಆಗ ಬಳೆಯನ್ನು ಕತ್ತರಿಸಬೇಕು, ಇಲ್ಲವೇ ನಟ್ಟನ್ನೇ ಡ್ರಿಲ್ ಮಾಡಬೇಕು. ಲಾಕ್ ನಟ್ಟಿನ ತಲೆಗೆ ಇನ್ನೊಂದು ನಟ್ ವೆಲ್ಡ್ ಮಾಡಿ ತಿರುಗಿಸುವವರೂ ಇದ್ದಾರೆ. ಗಾಳಿ ತುಂಬಿದ ಟಯರಿನ ಪಕ್ಕದಲ್ಲಿ ಬೆಂಕಿ ಕೆಲಸ ನನಗೆ ಒಪ್ಪಿಗೆಯಿಲ್ಲ. ಬಿಸಿಗೆ ಟಯರ್ ಸಿಡಿದು ಜೀವ ಹೋಗಬಹುದು, ಒಳಗಿನ ಸ್ಟಡ್ ಕೂಡ ಹಾಳಾಗುತ್ತದೆ.

ಕೀ ಇದ್ದರೂ ಅದರ ಮೇಲೆ ಗಾಳಿ ಗನ್ ಓಡಿಸಲು ಬಿಡಬೇಡಿ. ಕೀಯ ಹಲ್ಲು ಸವೆದು ಮುರಿಯುವುದು ಹೆಚ್ಚಾಗಿ ಹೀಗೆಯೇ. ಟಯರ್ ಅಂಗಡಿಯ ಹುಡುಗನಿಗೆ ಅವಸರ, ನಮಗೂ ಅವಸರ. ಕೈ ಸ್ಪ್ಯಾನರ್ ಹಾಕು ಎಂದು ಹೇಳಿ, ಕೆಲಸ ಮುಗಿದ ಮೇಲೆ ಕೀಯನ್ನು ಕೇಳಿ ತೆಗೆದುಕೊಳ್ಳಿ. ಸ್ಪ್ಯಾನರಿನಲ್ಲೇ ಸಿಕ್ಕಿಕೊಂಡು ಅಂಗಡಿಯಲ್ಲಿ ಉಳಿಯುವ ಕೀಗಳು ಎಷ್ಟೋ.

ಕಾರು ಮಾರುವವರಿಗೆ ನನ್ನದೊಂದು ತಕರಾರಿದೆ. ಕೀ ಕಳೆದಿರುವುದು ಗೊತ್ತಿದ್ದೂ ಹೇಳದೆ ಮಾರುವುದು ಐಬು ಮುಚ್ಚಿಟ್ಟ ವ್ಯಾಪಾರವೇ. ಧಾನ್ಯದ ರಾಶಿಯೊಳಗೆ ಕೈ ಹಾಕಿ ಒದ್ದೆಯನ್ನು ಕಂಡ ಪ್ರವಾದಿಯವರು ಅದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ವ್ಯಾಪಾರಿಯನ್ನು ಕೇಳಿದ ಹದೀಸನ್ನು ಮದ್ರಸದಲ್ಲೇ ಕಲಿತಿದ್ದೇವೆ. “ಕೀ ಇಲ್ಲ, ಅದಕ್ಕೆ ಇಷ್ಟು ಕಮ್ಮಿ ಮಾಡುತ್ತೇನೆ” ಎಂದರೆ ಮುಗಿಯಿತು. ಸಂಬಂಧಿಕರ ನಡುವಿನ ವ್ಯಾಪಾರದಲ್ಲಿ ಇದನ್ನು ಕೇಳಲು ಸಂಕೋಚಪಡುತ್ತೇವೆ, ಅಲ್ಲಿಯೇ ಹೆಚ್ಚು ಕೇಳಬೇಕು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ರಾತ್ರಿ ಮನೆಯ ಅಂಗಳದಲ್ಲೇ ನಿಲ್ಲುವ ಕಾರಿಗೆ ಲಾಕ್ ನಟ್ ಬೇಕಾಗಿಲ್ಲ. ದಿನವೂ ರಸ್ತೆ ಬದಿಯಲ್ಲಿ, ರೈಲ್ವೆ ಸ್ಟೇಷನ್ ಬಳಿ ನಿಲ್ಲಿಸುವವರು ಇಟ್ಟುಕೊಳ್ಳಲಿ. ಉಳಿದವರು ಮುಂದಿನ ಸಲ ಟಯರ್ ಕೆಲಸಕ್ಕೆ ಹೋದಾಗ, ಕೀ ಕೈಯಲ್ಲಿರುವಾಗಲೇ, ನಾಲ್ಕನ್ನೂ ಬಿಚ್ಚಿಸಿ ಮಾಮೂಲಿ ನಟ್ ಹಾಕಿಸಿ. ಹೊಸ ನಟ್ಟಿನ ಮರೆ ಮತ್ತು ಅದು ಚಕ್ರಕ್ಕೆ ಕೂರುವ ಅಡಿಭಾಗದ ಆಕಾರ ನಿಮ್ಮ ವೀಲಿನದ್ದೇ ಆಗಿರಬೇಕು, ಅಂಗಡಿಯಲ್ಲಿ ಹಳೆಯದರ ಪಕ್ಕದಲ್ಲಿ ಇಟ್ಟು ನೋಡಿಯೇ ತೆಗೆದುಕೊಳ್ಳಿ.