ಹಳೆಯ ಲ್ಯಾಪ್‌ಟಾಪಿಗೆ ಹಗುರವಾದ ಲಿನಕ್ಸ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯವರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ನೆಯ ಇಸವಿ ಅಕ್ಟೋಬರ್ 14ರಂದು ಮುಗಿದುದು ವಾಚಕರಿಗೆ ವಿದಿತವೇ ಆಗಿದೆ. ನೋಂದಾಯಿಸಿಕೊಂಡ ಗೃಹಸ್ಥರಿಗೆ ಮತ್ತೊಂದು ವರ್ಷದ ಭದ್ರತಾ ತಿದ್ದುಪಡಿಗಳನ್ನು ಕೊಡುವ ಏರ್ಪಾಡಾಯಿತಾದರೂ, ಅದು ವಾಯಿದೆಯ ವಿಸ್ತರಣವೇ ಹೊರತು ಪರಿಹಾರವಲ್ಲ. ವಿಂಡೋಸ್ 11ಕ್ಕಾದರೋ ಟಿಪಿಎಂ 2.0 ಎಂಬ ಭದ್ರತಾ ಸಾಧನವು ಬೇಕು. ಪ್ರೊಸೆಸರು ಆ ಸಂಸ್ಥೆಯವರ ಪಟ್ಟಿಯಲ್ಲಿರಬೇಕು. ಆದಕಾರಣ, ಕೀಲಿಮಣೆಯೂ ಪರದೆಯೂ ನೆಟ್ಟಗಿರುವ ಯಂತ್ರಗಳು ಗುಜರಿಯ ದಾರಿ ಹಿಡಿಯುತ್ತಿವೆ. ಇದು ದ್ರವ್ಯನಾಶವೆಂಬುದರಲ್ಲಿ ಸಂದೇಹವೇನು?

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇಂತಹ ಯಂತ್ರಗಳಿಗೆ ಮರುಜನ್ಮವನ್ನು ಕೊಡಬಲ್ಲುದು. ಅದರ ಡಿಸ್ಟ್ರೋಗಳು ಅನೇಕ, ಆಯ್ಕೆಯೇ ಕಷ್ಟ. ಎಲ್ಲಕ್ಕಿಂತ ಹಗುರವಾದುದೇ ಶ್ರೇಷ್ಠವೆಂಬ ಮಾತು ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ. ಇಂದು ರ‍್ಯಾಮನ್ನು ನುಂಗುವುದು ಮುಖ್ಯವಾಗಿ ಬ್ರೌಸರು. ಅದರ ಹಸಿವು ಯಾವ ಡಿಸ್ಟ್ರೋದಲ್ಲಿಯೂ ಕಡಿಮೆಯಾಗದು. ಆದುದರಿಂದ ಹಗುರತನದೊಡನೆ ಬಹುಕಾಲದ ಭದ್ರತಾ ಬೆಂಬಲವನ್ನೂ, ಹೊಸಬರಿಗೆ ಒಗ್ಗುವ ಸೌಲಭ್ಯವನ್ನೂ ತೂಗಿ ನೋಡತಕ್ಕದ್ದು.

64 ಬಿಟ್ ಪ್ರೊಸೆಸರೂ 4 ಜಿಬಿ ರ‍್ಯಾಮೂ ಇದ್ದಲ್ಲಿ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿಯೇ ಯುಕ್ತ; ಅದರ 22ನೆಯ ಶ್ರೇಣಿಗೆ 2029ರವರೆಗೆ ಬೆಂಬಲವುಂಟು. 2 ಜಿಬಿ ಮಾತ್ರವಿದ್ದರೆ ಎಲ್‌ಎಕ್ಸ್‌ಕ್ಯೂಟಿ ಎಂಬ ಮಿತವ್ಯಯದ ಮೇಜುಪರದೆಯುಳ್ಳ ಲುಬುಂಟುವನ್ನು ಪರೀಕ್ಷಿಸಬಹುದು. ಅದಕ್ಕೂ ಕಡಿಮೆಯಾದರೆ ಆಂಟಿಎಕ್ಸ್ ಇದೆ. ಆದರೆ ಅದನ್ನು ಬಳಸುವವರಿಗೆ ಸ್ವಲ್ಪ ತಾಳ್ಮೆ ಬೇಕು. 32 ಬಿಟ್ ಯಂತ್ರಗಳ ಕಾಲವಾದರೋ ಮುಗಿಯುತ್ತ ಬಂದಿದೆ: 2025ರ ಆಗಸ್ಟಿನಲ್ಲಿ ಹೊರಬಂದ ಡೆಬಿಯನ್ 13ರಲ್ಲಿ ಅವಕ್ಕೆ ಸ್ಥಾಪನಾ ಸಾಧನವೇ ಇಲ್ಲ. ಅಂತಹವುಗಳಿಗಾಗಿ ಹೆಚ್ಚು ಹಣವನ್ನು ವ್ಯಯಿಸುವುದು ವಿವೇಕವಲ್ಲ. ಉಳಿದವುಗಳಲ್ಲಿ ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ, ಡಿಸ್ಟ್ರೋ ಬದಲಿಸುವುದಕ್ಕಿಂತಲೂ ಹೆಚ್ಚಿನ ವೇಗವು ಅನೇಕ ವೇಳೆ ದೊರೆಯುವುದು.

ಕನ್ನಡದ ವಿಷಯದಲ್ಲಿ ಅಳುಕಬೇಕಾದುದಿಲ್ಲ. ಐಬಸ್ ಮತ್ತು ಎಂ17ಎನ್ ಸಾಧನಗಳಿಂದ ಕೆಜಿಪಿ ಹಾಗೂ ಇನ್‌ಸ್ಕ್ರಿಪ್ಟ್ ವಿನ್ಯಾಸಗಳೆರಡರಲ್ಲಿಯೂ ಟೈಪು ಮಾಡಬಹುದು. ಯೂನಿಕೋಡಿಗೆ ಮುಂಚಿನ ನುಡಿ, ಬರಹ ಅಕ್ಷರಗಳಲ್ಲಿರುವ ಕಡತಗಳನ್ನು ಮಾತ್ರ ಮೊದಲೇ ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳುವುದು ಲೇಸು. ಟ್ಯಾಲಿಯಂತೆ ವಿಂಡೋಸನ್ನೇ ನಂಬಿದ ತಂತ್ರಾಂಶಗಳು ಅನಿವಾರ್ಯವಾದವರಿಗೆ ಈ ಮಾರ್ಗವು ಒಗ್ಗಲಾರದೆಂಬುದನ್ನೂ ಮುಚ್ಚಿಡಬೇಕಾಗಿಲ್ಲ.

ಕಡತಗಳನ್ನು ಬೇರೆಡೆ ನಕಲು ಮಾಡಿಟ್ಟು, ಡಿಸ್ಟ್ರೋವನ್ನು ಪೆನ್‌ಡ್ರೈವಿನಿಂದಲೇ ನಡೆಯಿಸಿ, ವೈಫೈ, ಧ್ವನಿ, ಪ್ರಿಂಟರುಗಳು ಸರಿಯಾಗಿವೆಯೇ ಎಂದು ನೋಡಿದ ಬಳಿಕವೇ ಸ್ಥಾಪಿಸಬೇಕು. ಇದಕ್ಕೆ ಖರ್ಚಾಗುವುದು ಒಂದು ಸಂಜೆ. ಕಚೇರಿಗಳಲ್ಲಿ ಯಂತ್ರಗಳನ್ನು ನಿರುಪಯುಕ್ತವೆಂದು ಬರೆದು ವಿಲೇವಾರಿ ಮಾಡುವ ಅಧಿಕಾರಿಗಳು ಸಹಿ ಹಾಕುವುದಕ್ಕೆ ಮೊದಲು ಈ ಒಂದು ಪರೀಕ್ಷೆಯನ್ನು ಮಾಡಿಸಲಿ. ಅದರಲ್ಲಿ ತೇರ್ಗಡೆಯಾದ ಯಂತ್ರಗಳು ಬಡ ವಿದ್ಯಾರ್ಥಿಗಳ ಕೈಸೇರುವಂತಾದರೆ, ಬೊಕ್ಕಸಕ್ಕೆ ನಷ್ಟವಿಲ್ಲದೆ ವಿದ್ಯಾದಾನವಾದಂತಾಗುವುದು.