ಈ ಚಿತ್ರ ಯಾರ ಮಿದುಳಿನದು?

ನಾನು ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು, ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಬ್ಯಾಂಕಿನಲ್ಲಿ ಪರರ ಲೆಕ್ಕಗಳನ್ನು ತಾಳೆ ನೋಡುತ್ತ ಬಂದವನು. ಆದರೂ ನಮ್ಮ ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಬರೆಯುವ ಧೈರ್ಯ ಮಾಡಿದ್ದೇನೆ. ನನ್ನ ಮನೆಯಲ್ಲಿಯೇ ನಡೆದ ಒಂದು ಪ್ರಸಂಗವು ಅದಕ್ಕೆ ಕಾರಣ.

ನನ್ನ ತೀರ್ಥರೂಪರಿಗೆ ಎಪ್ಪತ್ತಾರು ವರ್ಷ. ಊರಿನ ಮನೆಗೆ ಬೀಗ ಹಾಕಿ ಮುಂಬಯಿಯ ನಮ್ಮ ಪುಟ್ಟ ವಸತಿಗೆ ಬಂದ ಮೇಲೆ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಕಾಣಿಸಿಕೊಂಡಿತು. ವೈದ್ಯರು ಕೊಟ್ಟ ಲೆವೊಡೋಪಾ ಮಾತ್ರೆಗಳಿಂದ ಅದು ತಕ್ಕಮಟ್ಟಿಗೆ ಹತೋಟಿಯಲ್ಲಿತ್ತು. ಅಷ್ಟರಲ್ಲಿ ಪರಿಚಿತರೊಬ್ಬರು ಒಂದು ಪುಡಿಯ ಕರಪತ್ರವನ್ನು ತಂದುಕೊಟ್ಟರು. ಅದರಲ್ಲಿ ಮಿದುಳಿನ ಎರಡು ಚಿತ್ರಗಳು. ಪುಡಿ ಸೇವಿಸುವ ಮುನ್ನಿನದು ಮಂಕು ನೀಲಿ. ಅನಂತರದ್ದು ಕೆಂಪು ಹಳದಿ ಬಣ್ಣಗಳಿಂದ ಬೆಳಗುತ್ತಿತ್ತು. ಕಣ್ಣಿಗೆ ಕಂಡದ್ದಕ್ಕಿಂತ ಬೇರೆ ಪ್ರಮಾಣವೇಕೆಂದು ನಾನೂ ನಂಬಿದೆ. ಮಾರಾಟಗಾರನ ಸಲಹೆಯಂತೆ ಹಳೆಯ ಮಾತ್ರೆಗಳನ್ನು ನಿಲ್ಲಿಸಿದೆವು. ಐದನೆಯ ದಿನ ಬೆಳಿಗ್ಗೆ ತಂದೆಯವರು ಹಾಸಿಗೆಯಿಂದ ಏಳಲಾರದೆ ಹೋದರು. ನೀರು ನುಂಗುವುದೂ ಕಷ್ಟವಾಯಿತು. ಒಂಬತ್ತು ದಿನ ಆಸ್ಪತ್ರೆಯಲ್ಲಿರಬೇಕಾಯಿತು.

ಅಲ್ಲಿನ ವೈದ್ಯರು ಕರಪತ್ರವನ್ನು ತಿರುಗಿಸಿ ನೋಡಿ, "ಅಡಿಯಲ್ಲಿರುವ ಸಣ್ಣ ಅಕ್ಷರ ಓದಿದ್ದೀರಾ? ಇದು ಇಲಿಯ ಮಿದುಳು" ಎಂದರು. ಸಾಲಪತ್ರಗಳ ಸಣ್ಣ ಅಕ್ಷರವನ್ನು ಓದುವುದೇ ವೃತ್ತಿಯಾದ ನಾನು ತಲೆ ತಗ್ಗಿಸಿದೆ.

ಅಂದಿನಿಂದ ಈ ಚಿತ್ರಗಳ ವಿಚಾರವಾಗಿ ದೊರೆತುದನ್ನೆಲ್ಲ ಓದತೊಡಗಿದೆ. ಓದಿದಂತೆ ನನ್ನ ಕೋಪವು ಪ್ರಯೋಗಶಾಲೆಯ ಇಲಿಯನ್ನು ಬಿಟ್ಟು ಕರಪತ್ರದ ಕಡೆಗೆ ತಿರುಗಿತು.

ಪ್ರಾಣಿಗಳಿಗೆ ನಾವು ತೀರಿಸಬೇಕಾದ ಋಣ

ತಂದೆಯವರು ಸೇವಿಸುವ ಲೆವೊಡೋಪಾದ ಚರಿತ್ರೆಯೇ ಪ್ರಾಣಿಗಳಿಂದ ಆರಂಭವಾಗುತ್ತದೆ. ನಮ್ಮ ನಾಡಿನ ಸರ್ಪಗಂಧದ ಬೇರಿನಲ್ಲಿ ರಿಸರ್ಪಿನ್ ಎಂಬ ದ್ರವ್ಯವುಂಟು. ಸರ್ಪಗಂಧವು ರಕ್ತದೊತ್ತಡವನ್ನು ಇಳಿಸುವುದೆಂದು 1949ರಲ್ಲಿ ಪಾಶ್ಚಾತ್ಯ ವೈದ್ಯಲೋಕದ ಗಮನಕ್ಕೆ ತಂದವರು ನಮ್ಮ ಈ ಮುಂಬಯಿಯ ವೈದ್ಯರಾದ ರುಸ್ತುಂ ಜಾಲ್ ವಕೀಲರು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ನರು ರಿಸರ್ಪಿನ್‌ನಿಂದ ಜಡವಾಗಿ ಬಿದ್ದಿದ್ದ ಪ್ರಾಣಿಗಳಿಗೆ ಡೋಪಾವನ್ನು ಚುಚ್ಚಿದಾಗ ಅವು ಮರಳಿ ಚೇತರಿಸಿಕೊಂಡವು. ಮಿದುಳಿನ ಡೋಪಮೀನ್‌ಗೂ ದೇಹದ ಚಲನೆಗೂ ಇರುವ ಸಂಬಂಧ ಹೀಗೆ ತಿಳಿಯಿತು. ಅವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಔಷಧವು ಮಿದುಳಿನ ಯಾವ ಭಾಗದಲ್ಲಿ ಕೆಲಸ ಮಾಡುತ್ತದೆಂದು ತಿಳಿಯಬೇಕಾದರೆ ಮೊದಲು ಪ್ರಾಣಿಯನ್ನು ಕೊಲ್ಲಲೇಬೇಕಾಗಿತ್ತು. 1977ರಲ್ಲಿ ಅಮೆರಿಕದ ಲೂಯಿ ಸೊಕೊಲಾಫರು ಪ್ರಕಟಿಸಿದ ಪ್ರಸಿದ್ಧ ವಿಧಾನದಲ್ಲಿ, ವಿಕಿರಣ ಬೆರೆತ ಸಕ್ಕರೆಯಂಥ ವಸ್ತುವನ್ನು ಇಲಿಗೆ ಕೊಟ್ಟು, ಅದನ್ನು ಕೊಂದು, ಮಿದುಳನ್ನು ತೆಳುವಾಗಿ ಕೊಯ್ದು, ಹೆಚ್ಚು ದುಡಿದ ಭಾಗವನ್ನು ಗುರುತಿಸುತ್ತಿದ್ದರು. ಒಂದು ಪ್ರಾಣಿಗೆ ಒಂದೇ ಚಿತ್ರ.

1990ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಸೈಜಿ ಒಗಾವಾ ಮತ್ತು ಸಂಗಡಿಗರು ಬೇರೊಂದು ದಾರಿಯನ್ನು ತೋರಿಸಿದರು. ಆಮ್ಲಜನಕವನ್ನು ಬಿಟ್ಟುಕೊಟ್ಟ ರಕ್ತವು ಪ್ರಬಲ ಅಯಸ್ಕಾಂತದೊಳಗೆ ಬೇರೆ ರೀತಿಯಾಗಿ ವರ್ತಿಸುತ್ತದೆ. ಇಲಿಗಳು ಮಾಮೂಲು ಗಾಳಿಯನ್ನು ಉಸಿರಾಡುವಾಗ ಮಿದುಳಿನ ಚಿತ್ರದಲ್ಲಿ ರಕ್ತನಾಳಗಳು ಕಪ್ಪುಗೆರೆಗಳಾಗಿ ಕಂಡವು; ಶುದ್ಧ ಆಮ್ಲಜನಕವನ್ನು ಉಸಿರಾಡಿದಾಗ ಆ ಗೆರೆಗಳು ಮಾಸಿದವು. ಇಂದು ಫಂಕ್ಷನಲ್ ಎಂ.ಆರ್.ಐ. ಎಂದು ಕರೆಯುವ ವಿದ್ಯೆಯ ಬುನಾದಿ ಇದೇ. ಈಗ ಪ್ರಾಣಿಯನ್ನು ಯಂತ್ರದೊಳಗೆ ಮಲಗಿಸಿ, ಔಷಧ ಕೊಟ್ಟು, ಮಿದುಳಿನಲ್ಲಾಗುವ ಬದಲಾವಣೆಯನ್ನು ಕ್ಷಣಕ್ಷಣಕ್ಕೂ ನೋಡಬಹುದು. ಅದೇ ಪ್ರಾಣಿಯನ್ನು ಮುಂದಿನ ವಾರವೂ ಪರೀಕ್ಷಿಸಬಹುದು. ಮನುಷ್ಯನಲ್ಲೂ ಅದೇ ಅಳತೆಯನ್ನು ತೆಗೆದು ಹೋಲಿಸಬಹುದು. ಪ್ರಾಣಿಬಲಿ ಕಡಮೆಯಾಗುವ ಈ ಸಂಶೋಧನೆಯನ್ನು ವಿರೋಧಿಸಲು ನನಗೆ ಮನಸ್ಸು ಬಾರದು.

ಚಿತ್ರವು ಹೇಳದೆ ಉಳಿಸುವ ಮಾತು

ಆದರೆ ಚಿತ್ರವೊಂದರಿಂದಲೇ ಔಷಧದ ಗುಣವು ಸಿದ್ಧವಾಗದು. ಮೊದಲನೆಯದಾಗಿ, ಯಂತ್ರವು ನರಕೋಶದ ಕೆಲಸವನ್ನು ನೇರವಾಗಿ ಅಳೆಯುವುದಿಲ್ಲ. ಅದನ್ನು ಹಿಂಬಾಲಿಸುವ ರಕ್ತದ ಏರಿಳಿತವನ್ನು ಅಳೆಯುತ್ತದೆ. ಔಷಧವೇ ರಕ್ತನಾಳವನ್ನು ಹಿಗ್ಗಿಸಿದರೆ ಅಥವಾ ಕುಗ್ಗಿಸಿದರೆ ಲೆಕ್ಕ ತಪ್ಪುತ್ತದೆ. ನಾವು ನಿತ್ಯ ಕುಡಿಯುವ ಕಾಫಿಯನ್ನೇ ನೋಡಿರಿ. ಅದು ನಮ್ಮನ್ನು ಎಚ್ಚರಗೊಳಿಸುತ್ತದೆ. ಆದರೆ ಮಿದುಳಿನ ರಕ್ತಸಂಚಾರವನ್ನು ಇಳಿಸುತ್ತದೆ.

ಎರಡನೆಯದಾಗಿ, ಇಲಿ ಅಲುಗಾಡದಿರಲೆಂದು ಬಹುವೇಳೆ ಅರಿವಳಿಕೆ ಕೊಡುತ್ತಾರೆ. ಅರಿವಳಿಕೆಯೂ ಮಿದುಳಿನ ಮೇಲೆ ಕೆಲಸ ಮಾಡುವ ಔಷಧವೇ. ಹಾಗಾದರೆ ಕಂಡ ಪರಿಣಾಮವು ಯಾವುದರದು? ಎಚ್ಚರದಲ್ಲೇ ಕಟ್ಟಿಹಾಕಿದರೆ ಭಯದ ಪರಿಣಾಮವೂ ಚಿತ್ರದೊಳಗೆ ಸೇರುತ್ತದೆ. ಅಮೆರಿಕದ ಎಮೊರಿ ವಿಶ್ವವಿದ್ಯಾನಿಲಯದ ಗ್ರೆಗರಿ ಬರ್ನ್ಸ್ ಮತ್ತು ಸಂಗಡಿಗರು ನಾಯಿಗಳಿಗೆ ತಾಳ್ಮೆಯಿಂದ ಅಭ್ಯಾಸ ಮಾಡಿಸಿ, ಅರಿವಳಿಕೆಯಾಗಲಿ ಬಂಧನವಾಗಲಿ ಇಲ್ಲದೆ ಯಂತ್ರದೊಳಗೆ ನಿಶ್ಚಲವಾಗಿ ಮಲಗಿಸಿದುದನ್ನು 2012ರಲ್ಲಿ ಪ್ರಕಟಿಸಿದರು. ಅದು ಔಷಧದ ಪ್ರಯೋಗವಲ್ಲವಾದರೂ ಅನುಸರಿಸಬಹುದಾದ ದಾರಿ.

ಮೂರನೆಯದು ಲೆಕ್ಕದ ಮಾತು. ಮಿದುಳಿನ ಚಿತ್ರವೆಂದರೆ ಸಾವಿರಾರು ಸಣ್ಣ ಚೌಕಗಳ ಲೆಕ್ಕ. ಅಷ್ಟನ್ನೂ ಒಂದೊಂದಾಗಿ ಪರೀಕ್ಷಿಸಿದರೆ ಕೆಲವು ಬರಿಯ ಆಕಸ್ಮಿಕದಿಂದಲೇ ಬೆಳಗುತ್ತವೆ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಭಾವಚಿತ್ರಗಳನ್ನು ತೋರಿಸಿದರು. ತಕ್ಕ ತಿದ್ದುಪಡಿಯಿಲ್ಲದೆ ಲೆಕ್ಕ ಹಾಕಿದಾಗ ಸತ್ತ ಮೀನಿನ ಮಿದುಳೂ "ಯೋಚಿಸಿತು". ಸರಿಯಾಗಿ ಲೆಕ್ಕ ಹಾಕಿದೊಡನೆ ಆ ಬೆಳಕು ಆರಿಹೋಯಿತು. ಯಂತ್ರದಲ್ಲಿ ದೋಷವಿರಲಿಲ್ಲ.

ಕಡೆಯದಾಗಿ, ಇಲಿಯೇ ಮನುಷ್ಯನಲ್ಲ. 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಕಲಬೆರಕೆ ಮಾದಕವಸ್ತುವನ್ನು ಚುಚ್ಚಿಕೊಂಡು ಕೆಲವೇ ದಿನಗಳಲ್ಲಿ ವೃದ್ಧ ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿದರು. ಅದರಲ್ಲಿದ್ದ ಎಂ.ಪಿ.ಟಿ.ಪಿ. ಎಂಬ ವಿಷವು ಕೋತಿಗಳಲ್ಲಿ ಅದೇ ಅವಸ್ಥೆಯನ್ನು ಉಂಟುಮಾಡಿತು. ಇಲಿಗಳಾದರೋ ಅದನ್ನು ಬಹುಮಟ್ಟಿಗೆ ತಾಳಿಕೊಂಡವು. ಇಲಿಯನ್ನು ಮಾತ್ರ ನೋಡಿದ್ದರೆ ಆ ವಿಷವನ್ನು ನಿರುಪದ್ರವಿಯೆಂದು ಬಗೆಯುತ್ತಿದ್ದರು. ಇಲಿಗೆ ತಾಗದ ವಿಷವು ನಮಗೆ ತಾಗಬಹುದಾದರೆ, ಇಲಿಗೆ ಹಿಡಿಸಿದ ಔಷಧವು ನಮಗೆ ಹಿಡಿಸದೆಯೂ ಇರಬಹುದಷ್ಟೆ.

ನನ್ನ ಅಭಿಪ್ರಾಯ

ಪ್ರಾಣಿಪ್ರಯೋಗಗಳ ಮೇಲ್ವಿಚಾರಣೆಗೆ ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾನೂನು ಉಂಟು. ಮಿದುಳಿನ ರೋಗಗಳನ್ನು ಗುಣಪಡಿಸುವುದಾಗಿ ಜಾಹೀರಾತು ಕೊಡುವುದನ್ನು 1954ರ ಕಾನೂನು ನಿಷೇಧಿಸಿದೆ. ಆದರೆ "ಇದು ಔಷಧವಲ್ಲ, ಆಹಾರ" ಎಂದು ಹೇಳಿ, ರೋಗದ ಹೆಸರೆತ್ತದೆ, ಬಣ್ಣದ ಚಿತ್ರವೊಂದರಿಂದಲೇ ಎಲ್ಲವನ್ನೂ ಸೂಚಿಸುವ ಚತುರರಿಗೆ ಕೊರತೆಯಿಲ್ಲ. ಆದಕಾರಣ, ಇಂಥ ಚಿತ್ರವನ್ನು ಅಚ್ಚುಹಾಕುವವರು ಅದು ಯಾವ ಪ್ರಾಣಿಯದು, ಎಷ್ಟು ಪ್ರಾಣಿಗಳದು, ಅರಿವಳಿಕೆ ಕೊಟ್ಟಿದ್ದರೇ, ಮನುಷ್ಯರಲ್ಲಿ ಪರೀಕ್ಷೆ ನಡೆದಿದೆಯೇ ಎಂಬ ನಾಲ್ಕು ಸಂಗತಿಗಳನ್ನು ಚಿತ್ರದಷ್ಟೇ ಎದ್ದುಕಾಣುವಂತೆ ಮುದ್ರಿಸಬೇಕೆಂಬ ಕಡ್ಡಾಯ ನಿಯಮ ಬರಬೇಕು. ವಿಜ್ಞಾನಿಗಳೂ ಫಲಿಸಿದ ಪ್ರಯೋಗಗಳಂತೆಯೇ ವಿಫಲವಾದವನ್ನೂ ಪ್ರಕಟಿಸಬೇಕು. ಜಮಾ ಬಾಜುವನ್ನು ಮಾತ್ರ ತೋರಿಸುವ ಲೆಕ್ಕವನ್ನು ನಮ್ಮ ಬ್ಯಾಂಕಿನ ಕಿರಿಯ ಗುಮಾಸ್ತನೂ ಒಪ್ಪುವುದಿಲ್ಲ.

ತಂದೆಯವರು ಈಗ ಹಳೆಯ ಮಾತ್ರೆಗಳಿಗೆ ಮರಳಿದ್ದಾರೆ. ಮೊದಲಿನಷ್ಟು ಚುರುಕಾಗಿಲ್ಲದಿದ್ದರೂ ಸಂಜೆ ಮೊಮ್ಮಗಳ ಕೈ ಹಿಡಿದು ಕಟ್ಟಡದ ಅಂಗಳದಲ್ಲಿ ಎರಡು ಸುತ್ತು ಬರುತ್ತಾರೆ. ಊರಿನ ಹಿರಿಯರ ಆಸರೆಯಿಂದ ದೂರವಾಗಿ ಈ ಮಹಾನಗರದಲ್ಲಿ ಬಾಳುವ ನಮಗೆ ಪರಿಚಿತರ ಮಾತೇ ಬಹಳ ವೇಳೆ ಆಧಾರ. ಅದನ್ನು ಅಲಕ್ಷಿಸಬೇಕೆಂದು ನಾನು ಹೇಳಲಾರೆ. ಆದರೆ ಅಂಥ ಕರಪತ್ರವು ತಮ್ಮ ಮನೆಗೂ ಬಂದಲ್ಲಿ, ಹಣ ಕೊಡುವುದಕ್ಕೆ ಮುನ್ನ, ಮನೆಯ ಹಿರಿಯರ ಮಾತ್ರೆಯನ್ನು ನಿಲ್ಲಿಸುವುದಕ್ಕಂತೂ ಖಂಡಿತವಾಗಿ ಮುನ್ನ, ಅದನ್ನು ತಮ್ಮ ವೈದ್ಯರ ಮುಂದಿಟ್ಟು "ಈ ಚಿತ್ರ ಯಾರ ಮಿದುಳಿನದು?" ಎಂದು ಕೇಳಬೇಕೆಂದು ಸಂಘದ ಬಾಂಧವರಲ್ಲಿ ವಿನಂತಿಸುತ್ತೇನೆ.