ರಹದಾರಿ ಬೇರೆ, ಹಾಜರಿ ಬೇರೆ

ಪೊನ್ನಂಪೇಟೆ, ಗೋಣಿಕೊಪ್ಪಲುಗಳಲ್ಲಿ ಅಕ್ಕಿ ಗಿರಣಿ, ಕಾಫಿ ಕ್ಯೂರಿಂಗ್ ಮಿಲ್ಲುಗಳಲ್ಲಿ ದುಡಿಯುವವರ ಮನೆಗಳಿಂದಲೂ ಪೇಟೆಯ ಸಣ್ಣ ಅಂಗಡಿಕಾರರ ಮನೆಗಳಿಂದಲೂ ಮಕ್ಕಳು ಓದಿಗೆಂದು ಅಮೆರಿಕ, ಕೆನಡಾ, ಇಂಗ್ಲೆಂಡುಗಳಿಗೆ ಹೊರಡುವ ಕಾಲ ಬಂದಿದೆ. ಹಿಂದೆ ಇದು ಎಸ್ಟೇಟು ಧಣಿಗಳ ಮಕ್ಕಳಿಗೆ ಮಾತ್ರ ಸಂದ ಭಾಗ್ಯವಾಗಿದ್ದಿತು. ಊರಿನ ಎಂಜಿನಿಯರಿಂಗ್ ಕಾಲೇಜಿನಲ್ಲೋ ಅರಣ್ಯ ಮಹಾವಿದ್ಯಾಲಯದಲ್ಲೋ ಪದವಿ ಮುಗಿಸಿದ ಬಡವರ ಮಕ್ಕಳಿಗೂ ಆ ಬಾಗಿಲು ತೆರೆಯಿತೆಂದರೆ ನಮಗೆ ಸಂತೋಷವೇ. ಆದರೆ ಆ ಬಾಗಿಲಿನ ಬೆಲೆಯನ್ನೂ ನೋಡಬೇಕು. ಏಳೂವರೆ ಲಕ್ಷ ರೂಪಾಯಿ ದಾಟಿದ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಅಡಮಾನ ಕೇಳುತ್ತದೆ. ಅಡಮಾನಕ್ಕೆ ನಮ್ಮವರಲ್ಲಿ ಇರುವುದು ಮನೆ, ಅಂಗಡಿಯ ಜಾಗ, ಇಲ್ಲವೆ ಒಂದೆರಡು ಎಕರೆ ತೋಟ. ಜಮ್ಮಾ ಆಸ್ತಿಯಾದರೆ ಪಟ್ಟೇದಾರರ ಹೆಸರಿನ ತೊಡಕು ಬೇರೆ. ಹೀಗೆ ಒಂದು ಮನೆತನದ ಸರ್ವಸ್ವವನ್ನೂ ಒತ್ತೆಯಿಟ್ಟು ಹೋದ ಹುಡುಗನು ಆ ದೇಶದಲ್ಲಿ ಉಳಿಯುವುದೂ ಬಿಡುವುದೂ ಯಾವ ಕಾಗದದ ಮೇಲೆ ನಿಂತಿದೆ ಎಂಬುದನ್ನು ತಂದೆತಾಯಿಗಳಿಗೆ ಯಾರೂ ತಿಳಿಸುವುದಿಲ್ಲ.

ವೀಸಾ ಸಿಕ್ಕಿತೆಂದರೆ ಎಲ್ಲ ಆಯಿತೆಂದು ನಮ್ಮಲ್ಲಿ ಸಿಹಿ ಹಂಚುವುದುಂಟು. ವೀಸಾ ಎಂಬುದು ಮಿಲ್ಲಿನ ಗೇಟಿನಲ್ಲಿ ತೋರಿಸುವ ಚೀಟಿಯಂತೆ. ಒಳಗೆ ಬಿಡಿಸಿಕೊಳ್ಳುವುದಕ್ಕೆ ಮಾತ್ರ. ಒಳಗೆ ಹೋದ ಮೇಲೆ ಸಂಬಳ ಬರುವುದು ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ತಾನೆ? ಅಮೆರಿಕದಲ್ಲಿ ವಿದ್ಯಾರ್ಥಿಗಳ ಆ ಹಾಜರಿ ಪುಸ್ತಕಕ್ಕೆ ಸೆವಿಸ್ ಎಂದು ಹೆಸರು. 2001ರ ಸೆಪ್ಟೆಂಬರ್ 11ರ ದಾಳಿಯ ತರುವಾಯ, 2003ರಿಂದ ಅದು ಕಂಪ್ಯೂಟರಿನಲ್ಲಿ ನಡೆಯುತ್ತಿದೆ. ಅದರಲ್ಲಿ ಬರೆಯುವವನು ವಿಶ್ವವಿದ್ಯಾಲಯದ ಅಧಿಕಾರಿಯೇ. ವಿದ್ಯಾರ್ಥಿ ಸಲಹೆ ಕೇಳಬೇಕಾದ ಮನುಷ್ಯನೂ ಅವನೇ, ಸರ್ಕಾರಕ್ಕೆ ವರದಿ ಕೊಡುವ ಮನುಷ್ಯನೂ ಅವನೇ! ಮನೆ ಬದಲಾಯಿಸಿದರೆ ಹತ್ತು ದಿನದೊಳಗೆ ತಿಳಿಸಬೇಕು. ಪದವಿ ತರಗತಿಯವನು ಪ್ರತಿ ಅವಧಿಯಲ್ಲಿ 12 ಕ್ರೆಡಿಟ್ಟಿನಷ್ಟು ಪಾಠ ತೆಗೆದುಕೊಂಡಿರಬೇಕು. ಕಾಯಿಲೆ ಬಿದ್ದು ಒಂದು ಪಾಠ ಬಿಡಬೇಕಾದರೆ ಬಿಡುವ ಮುಂಚೆ ಅಪ್ಪಣೆ ಪಡೆಯಬೇಕು. ಬಿಟ್ಟ ಮೇಲೆ ವೈದ್ಯರ ಚೀಟಿ ಹಿಡಿದು ಓಡಿದರೆ ಅದು ಕ್ಷಮಾರ್ಜಿಯಾಗುತ್ತದೆ, ಅಪ್ಪಣೆಯಾಗುವುದಿಲ್ಲ. ಹೆಸರು ಹೊಡೆದುಹೋದರೆ ಮತ್ತೆ ಸೇರಿಸಿರೆಂದು ಕೇಳಲು ಸಾಮಾನ್ಯವಾಗಿ ಐದು ತಿಂಗಳ ಗಡುವುಂಟು. ಆದರೆ ಅಪ್ಪಣೆಯಿಲ್ಲದೆ ಹೊರಗೆ ಕೂಲಿ ಮಾಡಿದ್ದು ಕಂಡರೆ ಆ ದಾರಿಯೂ ಮುಚ್ಚಿದಂತೆಯೇ.

ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದದ್ದು ಈ ಕೂಲಿಯ ಮಾತನ್ನು. ಪಾಠ ನಡೆಯುವ ಕಾಲದಲ್ಲಿ ಅಮೆರಿಕದ ವಿದ್ಯಾರ್ಥಿ ಕಾಲೇಜಿನ ಆವರಣದಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಇಂಗ್ಲೆಂಡಿನಲ್ಲಿಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಅಷ್ಟೇ. ಕೆನಡಾ 2024ರ ನವೆಂಬರಿನಲ್ಲಿ ಹೊರಗಿನ ಕೆಲಸಕ್ಕೆ 24 ಗಂಟೆಯೆಂದು ಗೊತ್ತುಮಾಡಿತು. ಕಾನೂನು ಎಲ್ಲರಿಗೂ ಒಂದೇ, ಸರಿ. ಆದರೆ ಧಣಿಯ ಮಗನಿಗೆ 21ನೆಯ ಗಂಟೆಯ ಅಗತ್ಯ ಬೀಳುವುದಿಲ್ಲ. ಬಾಡಿಗೆ, ಊಟ, ಊರಿನ ಬಡ್ಡಿ ಮೂರನ್ನೂ ಹೊತ್ತವನು ರಾತ್ರಿ ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನ ಹಿಂಬದಿಯಲ್ಲೋ ನಿಲ್ಲುತ್ತಾನೆ. ಮಾಲೀಕನಿಗೆ ಅವನ ಗುಟ್ಟು ಗೊತ್ತು. ಪುಸ್ತಕದಲ್ಲಿ ಬರೆಯದೆ, ಕನಿಷ್ಠ ವೇತನಕ್ಕಿಂತ ಕಡಿಮೆ ಕೈಗಿಟ್ಟರೂ ಹುಡುಗ ದೂರು ಕೊಡುವ ಹಾಗಿಲ್ಲ. ದೂರು ಕೊಟ್ಟರೆ ಮೊದಲು ಗಡಿ ದಾಟುವವನು ಅವನೇ. ಬದಲಿ ಕೆಲಸಗಾರನ ಬಾಯಿ ಮುಚ್ಚಿಸುವ ಉಪಾಯ ನಮ್ಮ ಮಿಲ್ಲುಗಳಲ್ಲಿ ಗೊತ್ತಿಲ್ಲದ್ದೇನಲ್ಲ. ಕಾಗದದ ಹೆದರಿಕೆಯಿಂದ ಸಿಗುವ ಅಗ್ಗದ ಕೂಲಿಯಾಳನ್ನು ಬಂಡವಾಳದವನು ಯಾವ ದೇಶದಲ್ಲಿ ತಾನೇ ಬೇಡವೆಂದಾನು?

ಈ ಇಕ್ಕಟ್ಟನ್ನು ವ್ಯಾಪಾರ ಮಾಡಿಕೊಂಡವರೂ ಇದ್ದಾರೆ. ಕ್ಯಾಲಿಫೋರ್ನಿಯದ ಟ್ರೈ-ವ್ಯಾಲಿ ಎಂಬ ವಿಶ್ವವಿದ್ಯಾಲಯವು ಪಾಠಕ್ಕಿಂತ ಹೆಚ್ಚಾಗಿ ಕಾಗದವನ್ನೇ ಮಾರುತ್ತಿದ್ದಿತು. 2011ರ ಜನವರಿಯಲ್ಲಿ ಅದರ ಮೇಲೆ ದಾಳಿಯಾದಾಗ ಬೀದಿಗೆ ಬಿದ್ದವರಲ್ಲಿ ಬಹುಪಾಲು ನೆರೆಯ ಆಂಧ್ರದ ಮಕ್ಕಳು. ಕೆಲವರ ಕಾಲಿಗೆ ರೇಡಿಯೋ ಪಟ್ಟಿ ಕಟ್ಟಿ ಬಿಟ್ಟರು. ಆಗ ವಿದೇಶಾಂಗ ಸಚಿವರಾಗಿದ್ದವರು ನಮ್ಮ ಮಂಡ್ಯ ಜಿಲ್ಲೆಯ ಎಸ್. ಎಂ. ಕೃಷ್ಣ, ಭಾರತ ಪ್ರತಿಭಟಿಸಿತು. ಸಂಸ್ಥೆ ನಡೆಸಿದಾಕೆಗೆ 2014ರಲ್ಲಿ ಹದಿನಾರು ವರ್ಷಕ್ಕೂ ಮಿಕ್ಕಿದ ಸೆರೆವಾಸವಾಯಿತು. ಅದು ಕಳ್ಳ ವ್ಯಾಪಾರಿಯ ಕಥೆ. ಮಿಶಿಗನ್ನಿನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಕಥೆ ಇದಕ್ಕಿಂತ ವಿಚಿತ್ರ. ಅದನ್ನು ತೆರೆದದ್ದು ಅಮೆರಿಕದ ಸರ್ಕಾರವೇ, ಬಲೆಯಾಗಿ! ಅಧ್ಯಾಪಕರಿಲ್ಲ, ತರಗತಿಯಿಲ್ಲ, ಶುಲ್ಕ ಮಾತ್ರ ಉಂಟು. 2019ರ ಜನವರಿಯಲ್ಲಿ ಬಲೆ ಎಳೆದಾಗ ಹಿಡಿದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು. ತಿಳಿದೇ ಸೇರಿದರೆಂದು ಸರ್ಕಾರ ಹೇಳಿತು, ಮೋಸ ಹೋದೆವೆಂದು ಅನೇಕರು ಹೇಳಿದರು. ಯಾರ ಮಾತು ಎಷ್ಟು ನಿಜವಾದರೂ, ಶುಲ್ಕ ವಸೂಲು ಮಾಡಿ ಬಲೆ ಬೀಸುವುದು ಸರ್ಕಾರಕ್ಕೆ ತಕ್ಕ ಕೆಲಸವೆಂದು ನಾವು ಒಪ್ಪಲಾರೆವು.

ತಪ್ಪು ಮಾಡದವನು ಹೆದರಬೇಕಿಲ್ಲ ಎನ್ನುವವರಿಗೆ 2025ರ ಏಪ್ರಿಲ್ ತಿಂಗಳನ್ನು ತೋರಿಸಬೇಕಾಗಿದೆ. ಆ ವಸಂತದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಹೆಸರನ್ನು ಸೆವಿಸ್‌ನಿಂದ ಹೊಡೆದುಹಾಕಿದರು; ಅವರಲ್ಲಿ ಬಹಳ ಮಂದಿ ಭಾರತೀಯರು. ವಾಹನದ ಸಣ್ಣ ದಂಡ, ಎಂದೋ ವಜಾ ಆದ ಮೊಕದ್ದಮೆ, ಇಂಥವೇ ಹಲವರ ಅಪರಾಧ. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು, ಅಲ್ಲಲ್ಲಿ ತಡೆಯಾಜ್ಞೆ ಬಂದಿತು, ಏಪ್ರಿಲ್ 25ರಂದು ಸರ್ಕಾರ ಹೆಸರುಗಳನ್ನು ಮತ್ತೆ ಬರೆಯಲು ಒಪ್ಪಿತು. ಆದರೆ ಅಷ್ಟರೊಳಗೆ ಹೆದರಿ ದೇಶ ಬಿಟ್ಟು ಹೋದವರಿದ್ದರು. 2020ರ ಜುಲೈನಲ್ಲಿಯೂ ಹೀಗೆಯೇ: ಕೊರೋನಾದಿಂದ ಪಾಠಗಳೆಲ್ಲ ಕಂಪ್ಯೂಟರಿಗೆ ಹೋದವೆಂದು ವಿದ್ಯಾರ್ಥಿಗಳನ್ನು ಹೊರಡಿರೆಂದರು; ಹಾರ್ವರ್ಡ್ ಮತ್ತು ಎಂ.ಐ.ಟಿ. ದಾವೆ ಹೂಡಿದ ಮೇಲೆ ಆರು ದಿನದಲ್ಲಿ ಹಿಂದೆಗೆದುಕೊಂಡರು. ಗೆದ್ದವರು ಒಟ್ಟಾಗಿ ನಿಂತವರು, ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಂಡವರು.

ಪರದೇಶದವರನ್ನು ಬೈದು ಕುಳಿತರೆ ಸಾಲದು. ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಮೈಸೂರು ವಿಶ್ವವಿದ್ಯಾಲಯದಲ್ಲಿ ಆಫ್ಘಾನಿಸ್ತಾನದ ಮಕ್ಕಳು ಓದುತ್ತಿದ್ದರು. 2021ರ ಆಗಸ್ಟ್ 25ರಂದು ದೆಹಲಿ ಸರ್ಕಾರವು ಭಾರತದ ಹೊರಗಿದ್ದ ಆಫ್ಘನ್ನರ ಹಳೆಯ ವೀಸಾಗಳನ್ನೆಲ್ಲ ಒಂದೇ ಆಜ್ಞೆಯಿಂದ ರದ್ದು ಮಾಡಿತು. ಕೊರೋನಾ ಕಾಲದಲ್ಲಿ ಊರಿಗೆ ಹೋಗಿದ್ದ ವಿದ್ಯಾರ್ಥಿಗಳು ಓದು ಅರ್ಧಕ್ಕೆ ಬಿಟ್ಟು ಅಲ್ಲಿಯೇ ಸಿಕ್ಕಿಕೊಂಡರು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯೂ ಕಾಲೇಜುಗಳ ಕೈಯಲ್ಲಿ ವರದಿ ಪುಸ್ತಕ ಕೊಟ್ಟಿದೆ. ನಮ್ಮ ಮಗನಿಗೆ ಅಲ್ಲಿ ವಿಚಾರಣೆಯಿಲ್ಲದೆ ಹೆಸರು ಹೊಡೆಯಬೇಡಿರಿ ಎನ್ನುವ ನಾವು, ಬೆಂಗಳೂರಿನಲ್ಲಿ ಆಫ್ರಿಕದ ಹುಡುಗನಿಗೂ ಅಷ್ಟೇ ನ್ಯಾಯ ಕೇಳಬೇಕಾಗುತ್ತದೆ. ಕಾಗದ ನವೀಕರಿಸಿಕೊಂಡು ಬದುಕುವುದೆಂದರೇನೆಂದು ತಿಳಿಯಲು ದೂರ ಹೋಗಬೇಕಿಲ್ಲ. ಕುಶಾಲನಗರದ ಹೊಳೆ ದಾಟಿ ಬೈಲುಕುಪ್ಪೆಯ ಟಿಬೆಟ್ ಜನರನ್ನು ಕೇಳಿದರಾಯಿತು.

ಇನ್ನು ನಮ್ಮ ಸರ್ಕಾರದ ಮಾತು. ಕೊಲ್ಲಿಗೆ ಕೂಲಿಯಾಳು ಕಳುಹಿಸುವ ಏಜೆಂಟು ನೋಂದಣಿ ಮಾಡಿಸಬೇಕೆಂದು 1983ರ ವಲಸೆ ಕಾಯ್ದೆ ವಿಧಿಸಿತು. ಓದಿಗೆ ಕಳುಹಿಸುವ ಏಜೆಂಟನನ್ನು ಆ ಕಾಯ್ದೆ ಮುಟ್ಟಲಿಲ್ಲ. ಅವನು ಕಮಿಷನ್ನು ಪಡೆಯುವುದು ಬಹುಮಟ್ಟಿಗೆ ಆಚೆಯ ಕಾಲೇಜಿನಿಂದ. ಹಾಗಿರುವಾಗ ಕೆಟ್ಟ ಕಾಲೇಜನ್ನು ಕೆಟ್ಟದ್ದೆಂದು ಹೇಳುವನೇ? ಇಂಥ ಅಂಗಡಿಗಳನ್ನು ನೋಂದಣಿಗೆ ಒಳಪಡಿಸಬೇಕು, ಯಾವ ಕಾಲೇಜಿನಿಂದ ಎಷ್ಟು ಪಡೆಯುತ್ತಾನೆಂದು ಬೋರ್ಡಿನ ಮೇಲೆ ಬರೆಸಬೇಕು. ತಂದೆತಾಯಿಗಳು ಮಗ ಅಲ್ಲಿ ಇಳಿದ ಕೂಡಲೆ ವಿದೇಶಾಂಗ ಇಲಾಖೆಯ ಮದದ್ ವ್ಯವಸ್ಥೆಯಲ್ಲಿ ಹೆಸರು ಬರೆಸಲು ಹೇಳಲಿ. ಫೋನು ಬಂದಾಗ ಊಟವಾಯಿತೇ ಎಂದು ಕೇಳಿದ ಮೇಲೆ, ಈ ಅವಧಿಗೆ ಎಷ್ಟು ಪಾಠ ತೆಗೆದುಕೊಂಡಿದ್ದೀ, ಪಾಸ್‌ಪೋರ್ಟಿನ ಅವಧಿ ಎಂದಿಗೆ ಮುಗಿಯುತ್ತದೆ ಎಂದೂ ಕೇಳಲಿ.

ಸಾಲ ಕೊಡುವ ದಿನ ಬ್ಯಾಂಕಿನವರು ಪತ್ರಗಳಿಗೆ ಸಹಿ ಹಾಕಿಸುತ್ತಾರೆ. ಆ ಪತ್ರಗಳಲ್ಲಿ ಇನ್ನೊಂದು ಕಲಮು ಸೇರಬೇಕೆಂಬುದು ನಮ್ಮ ಒತ್ತಾಯ: ವಿದ್ಯಾರ್ಥಿಯ ತಪ್ಪಿಲ್ಲದೆ ಪರದೇಶದ ಸರ್ಕಾರ ಅವನ ಹೆಸರು ಹೊಡೆದರೆ, ತೀರ್ಮಾನವಾಗುವವರೆಗೆ ಕಂತು ನಿಲ್ಲಬೇಕು, ಬಡ್ಡಿ ನಿಲ್ಲಬೇಕು, ಅಡಮಾನದ ಮನೆಗೆ ಯಾರೂ ನೋಟೀಸು ಅಂಟಿಸಕೂಡದು. ಜಿಲ್ಲೆಯ ಬ್ಯಾಂಕರುಗಳ ಮುಂದಿನ ಸಭೆಯಲ್ಲಿ ನಮ್ಮ ಶಾಸಕರುಗಳು ಇದನ್ನು ಎತ್ತಲಿ.